ಇಲ್ಲದ ಕಾಲಿನ ನೋವಿಗೆ ಮನೆಯಲ್ಲೇ ಚಿಕಿತ್ಸೆ: ಯಂತ್ರದ ಜೊತೆ ಮನುಷ್ಯರೂ ಹೋಗಲಿ

ಕಾಲು ಕತ್ತರಿಸಿ ತೆಗೆದ ಮೇಲೂ ಅದೇ ಕಾಲಿನ ಹೆಬ್ಬೆರಳು ನೋಯುತ್ತೆ ಅಂದರೆ ನಮ್ಮಲ್ಲಿ ಹೆಚ್ಚಿನವರು ನಂಬೋದಿಲ್ಲ. "ಪಾಪ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ" ಅಂತ ಒಬ್ಬರು, "ದಿನ ಕಳೆದ ಹಾಗೆ ಮರೆತುಹೋಗುತ್ತೆ ಬಿಡಿ" ಅಂತ ಇನ್ನೊಬ್ಬರು. ಇಂಥ ಮಾತು ಕೇಳಬೇಕಾಗುತ್ತೆ ಅಂತಲೇ ನೋವು ಇರುವವರು ಬಾಯಿ ಬಿಡೋದಿಲ್ಲ. ಹುಚ್ಚು ಹಿಡಿದಿದೆ ಅಂದುಕೊಂಡರೆ ಅನ್ನೋ ಭಯ. ಆದರೆ ಇದು ಹುಚ್ಚಲ್ಲ, ಅಪರೂಪವೂ ಅಲ್ಲ. ಕೈಯೋ ಕಾಲೋ ಕಳೆದುಕೊಂಡವರಲ್ಲಿ ಶೇ. 60ರಿಂದ 80ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಈ ನೋವು ಬರುತ್ತೆ ಅನ್ನೋದು ವೈದ್ಯಲೋಕದ ಸಾಮಾನ್ಯ ಲೆಕ್ಕ. ಕೆಲವರಿಗೆ ತಿಂಗಳುಗಳಲ್ಲಿ ಕಡಿಮೆ ಆಗುತ್ತೆ, ಕೆಲವರಿಗೆ ವರ್ಷಗಟ್ಟಲೆ ಬಿಡೋದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಪೇನ್ ಅಂತಾರೆ. ಈ ಬರಹದಲ್ಲಿ ನಾವು ಸರಳವಾಗಿ 'ಇಲ್ಲದ ಅಂಗದ ನೋವು' ಅಂತ ಕರೆಯೋಣ.

ಈಗ ಈ ನೋವಿಗೆ ಹೊಸದೊಂದು ದಾರಿಯ ಮಾತು ಕೇಳಿಬರುತ್ತಿದೆ. ತಲೆಗೆ ಎರಡು ಒದ್ದೆ ಸ್ಪಂಜು ಕಟ್ಟಿಕೊಂಡು, ಮನೆಯಲ್ಲೇ ಕುರ್ಚಿ ಮೇಲೆ ಕೂತು, ದಿನಕ್ಕೆ ಇಪ್ಪತ್ತು ನಿಮಿಷ ಮಿದುಳಿಗೆ ಬಹಳ ಸಣ್ಣ ವಿದ್ಯುತ್ ಹರಿಸೋದು. ಇಂಜಿನಿಯರಿಂಗ್ ಓದಿ ಬಂದ ನಮ್ಮಂಥವರಿಗೆ ಇದು ತಕ್ಷಣ ಇಷ್ಟವಾಗುವ ವಿಷಯ. ಸರ್ಕ್ಯೂಟ್ ಸರಳ, ಬ್ಯಾಟರಿಯಲ್ಲಿ ನಡೆಯುತ್ತೆ, ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸುತ್ತೆ. ಪೆಟ್ಟಿಗೆಯನ್ನ ರೋಗಿಯ ಮನೆಗೆ ಕಳಿಸಿದರೆ ಕೆಲಸ ಮುಗಿಯಿತು ಅಂತ ಅನ್ನಿಸಿಬಿಡುತ್ತೆ. ಅಲ್ಲಿ ಕೆಲಸ ಶುರುವಾಗುತ್ತೆ ಅಷ್ಟೇ ಅನ್ನೋದು ನಮ್ಮ ಅಭಿಪ್ರಾಯ. ಮನೆ ಚಿಕಿತ್ಸೆ ಬೇಕು, ನಮ್ಮ ನಾಡಿಗಂತೂ ಬೇಕೇ ಬೇಕು. ಆದರೆ ಯಂತ್ರ ಮನೆಗೆ ಹೋಗುವಾಗ ಅದರ ಜೊತೆ ಕಲಿಸುವ ಮನುಷ್ಯರೂ, ರೋಗಿಯ ಭಾಷೆಯೂ ಹೋಗಬೇಕು.

ಸೆರಂಗೂನ್‌ನಲ್ಲಿ ಕೂತು ಈ ಮಾತು ಯಾಕೆ

ಇಲ್ಲಿರುವ ಕನ್ನಡದ ವಿದ್ಯಾರ್ಥಿಗಳಿಗೆ ಸೆರಂಗೂನ್ ರಸ್ತೆ ಅಂದರೆ ಭಾನುವಾರ. ಕೋಮಲ ವಿಲಾಸದಲ್ಲಿ ದೋಸೆ, ಮುಸ್ತಫಾದಲ್ಲಿ ತಿಂಗಳ ಸಾಮಾನು, ಶ್ರೀನಿವಾಸ ಪೆರುಮಾಳ್ ದೇವಸ್ಥಾನದಲ್ಲಿ ಒಂದು ಕೈಮುಗಿತ, ಆಮೇಲೆ ಎಂಆರ್‌ಟಿ ಹಿಡಿದು ಹಾಸ್ಟೆಲ್‌ಗೆ ವಾಪಸ್. ಅದೇ ಭಾನುವಾರ, ಅದೇ ರಸ್ತೆಯಲ್ಲಿ ಈ ದೇಶದ ಕಟ್ಟಡಗಳನ್ನ ಕಟ್ಟುವ, ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುವ ಸಾವಿರಾರು ಜನ ಕೂಡ ಸೇರುತ್ತಾರೆ. ಹೆಚ್ಚಿನವರು ತಮಿಳರು, ಬಾಂಗ್ಲಾದವರು, ತೆಲುಗಿನವರು. ಕನ್ನಡಿಗರು ಕಡಿಮೆ. ಹಾಗಂತ ಅವರ ಕಥೆ ನಮ್ಮದಲ್ಲ ಅನ್ನೋ ಹಾಗಿಲ್ಲ.

ಸೆರಂಗೂನ್ ರಸ್ತೆಯ ಪಕ್ಕಕ್ಕೇ ಕಫ್ ರೋಡ್ ಅಂತ ಒಂದು ಸಣ್ಣ ಬೀದಿ ಇದೆ. ಟ್ರಾನ್ಸಿಯೆಂಟ್ ವರ್ಕರ್ಸ್ ಕೌಂಟ್ ಟೂ ಅನ್ನೋ ಸಂಸ್ಥೆ 2008ರಲ್ಲಿ ಲಿಟಲ್ ಇಂಡಿಯಾದಲ್ಲಿ ಆ ಬೀದಿಯ ಹೆಸರಲ್ಲೇ ಒಂದು ಊಟದ ಯೋಜನೆ ಶುರುಮಾಡಿತು. ಕೆಲಸದಲ್ಲಿ ಗಾಯಗೊಂಡು, ಪರಿಹಾರದ ತೀರ್ಮಾನಕ್ಕೆ ಕಾಯುತ್ತಾ, ದುಡಿಯುವ ಅನುಮತಿ ಇಲ್ಲದೆ ಉಳಿದ ಕಾರ್ಮಿಕರಿಗೆ ಅಲ್ಲಿ ಉಚಿತ ಊಟ. ಇಂಥ ಯೋಜನೆ ಬೇಕಾಯಿತು ಅನ್ನೋದೇ ಗಾಯವಾದ ಮೇಲಿನ ಕಾಯುವಿಕೆ ಎಷ್ಟು ಉದ್ದ ಅನ್ನೋದನ್ನ ಹೇಳುತ್ತೆ.

ಸಿಂಗಾಪುರದ ಕಾನೂನು ಈ ವಿಷಯದಲ್ಲಿ ಬಹಳ ದೇಶಗಳಿಗಿಂತ ಸ್ಪಷ್ಟವಾಗಿದೆ, ಅದನ್ನ ಒಪ್ಪಬೇಕು. ಕೆಲಸದ ವೇಳೆ ಕೈ ಹೋದರೆ ಆಸ್ಪತ್ರೆ ಖರ್ಚು, ರಜೆಯ ಸಂಬಳ, ಶಾಶ್ವತ ಊನಕ್ಕೆ ಒಂದು ಇಡಿಗಂಟು ಸಿಗುತ್ತೆ. ಆದರೆ ಚಿಕಿತ್ಸೆಯ ಖರ್ಚಿಗೆ ಎರಡು ಗೋಡೆಗಳಿವೆ. ಒಂದು ಹಣದ ಮಿತಿ, ಇನ್ನೊಂದು ಅಪಘಾತದ ದಿನದಿಂದ ಒಂದು ವರ್ಷ. ಯಾವುದು ಮೊದಲು ಬರುತ್ತೋ ಅಲ್ಲಿಗೆ ಮುಗಿಯಿತು. ಗಾಯ ಒಂದು ವರ್ಷದಲ್ಲಿ ಒಣಗುತ್ತೆ, ಹೊಲಿಗೆಯ ಗುರುತು ಮಾಸುತ್ತೆ. ಇಲ್ಲದ ಅಂಗದ ನೋವು ಮಾತ್ರ ಕ್ಯಾಲೆಂಡರ್ ನೋಡೋದಿಲ್ಲ. ಕಾರ್ಮಿಕ ಇಡಿಗಂಟು ತಗೊಂಡು ಊರಿಗೆ ಹೋಗುತ್ತಾನೆ, ನೋವೂ ಅವನ ಜೊತೆ ವಿಮಾನ ಹತ್ತುತ್ತೆ. ಆಮೇಲೆ ಅವನ ಪಾಲಿಗೆ ಆಸ್ಪತ್ರೆ ಅಂದರೆ ತಾಲ್ಲೂಕು ಆಸ್ಪತ್ರೆ, ಚಿಕಿತ್ಸೆ ಅಂದರೆ ನೋವಿನ ಮಾತ್ರೆ.

ಇದು ವಲಸೆ ಬಂದವರ ಕಥೆ ಮಾತ್ರ ಅಲ್ಲ. ಇಲ್ಲಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕದ ಪ್ರಕಾರ ಸಿಂಗಾಪುರದಲ್ಲಿ ದಿನಕ್ಕೆ ಸುಮಾರು ನಾಲ್ಕು ಜನ ಸಕ್ಕರೆ ಕಾಯಿಲೆಯಿಂದಾಗಿ ಬೆರಳೋ, ಪಾದವೋ, ಕಾಲೋ ಕಳೆದುಕೊಳ್ಳುತ್ತಾರೆ. 2016ರಲ್ಲಿ ಸರ್ಕಾರ ಸಕ್ಕರೆ ಕಾಯಿಲೆಯ ಮೇಲೆ 'ಯುದ್ಧ' ಅಂತಲೇ ಘೋಷಣೆ ಮಾಡಿತು. ಭಾರತೀಯ ಮೂಲದವರಲ್ಲಿ ಈ ಕಾಯಿಲೆ ಹೆಚ್ಚು ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ. ನಮ್ಮ ಮನೆಗಳಲ್ಲಿ ಅಪ್ಪನಿಗೋ ಅತ್ತೆಗೋ ಸಕ್ಕರೆ ಇದೆ. ಆದ್ದರಿಂದ ಈ ನೋವು ನಮ್ಮಿಂದ ತುಂಬ ದೂರ ಇಲ್ಲ.

ನೋವು ಎಲ್ಲಿದೆ

ಇಲ್ಲದ ಅಂಗಕ್ಕೆ 'ಫ್ಯಾಂಟಮ್' ಅನ್ನೋ ಹೆಸರನ್ನ 1870ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ವೈದ್ಯ ಸಿಲಾಸ್ ವೇಯರ್ ಮಿಚೆಲ್. ಅಲ್ಲಿಯ ಅಂತರ್ಯುದ್ಧದಲ್ಲಿ ಕೈಕಾಲು ಹೋದ ಸೈನಿಕರನ್ನ ನೋಡಿಕೊಂಡವರು ಅವರು. ಆದರೆ ನೋವಿನ ಮೂಲ ಎಲ್ಲಿ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ನಮ್ಮ ಮಿದುಳಿನ ಮೇಲ್ಪದರದಲ್ಲಿ ದೇಹದ ಒಂದು ನಕ್ಷೆ ಇದೆ. ಕೈಗೆ ಒಂದು ಜಾಗ, ತುಟಿಗೆ ಪಕ್ಕದ ಜಾಗ, ಕಾಲಿಗೆ ನಡುನೆತ್ತಿಯ ಕೆಳಗೆ ಒಂದು ಜಾಗ. ಕೈ ಹೋದರೆ ಆ ಜಾಗ ಏನಾಗುತ್ತೆ? ಜರ್ಮನಿಯ ಹೆರ್ಟಾ ಫ್ಲೋರ್ ಮತ್ತು ಜೊತೆಗಾರರು 1995ರಲ್ಲಿ ಹೇಳಿದ್ದು ಹೀಗೆ: ಪಕ್ಕದ ತುಟಿಯ ಭಾಗ ಕೈಯ ಜಾಗವನ್ನ ಒತ್ತುವರಿ ಮಾಡುತ್ತೆ, ಒತ್ತುವರಿ ಎಷ್ಟು ಹೆಚ್ಚೋ ನೋವು ಅಷ್ಟು ಹೆಚ್ಚು. 2013ರಲ್ಲಿ ತಮಾರ್ ಮಾಕಿನ್ ಅವರ ತಂಡ ಇದಕ್ಕೆ ಉಲ್ಟಾ ಮಾತು ಹೇಳಿತು: ನೋವು ಹೆಚ್ಚಿರುವವರಲ್ಲಿ ಹಳೇ ಕೈಯ ಜಾಗ ಇನ್ನೂ ಚೆನ್ನಾಗಿ ಉಳಿದಿರುತ್ತೆ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೂವರನ್ನ ಕೈ ಕತ್ತರಿಸುವ ಮುಂಚೆಯಿಂದ ಹಿಡಿದು ವರ್ಷಗಳವರೆಗೆ ಸ್ಕ್ಯಾನ್ ಮಾಡಿ ನೋಡಿದರು. ನಕ್ಷೆ ಹೆಚ್ಚುಕಡಿಮೆ ಹಾಗೇ ಇತ್ತು. ಅಂದರೆ ಮನೆ ಬಿದ್ದುಹೋದರೂ ಖಾತೆ ಇನ್ನೂ ಹಳೇ ಯಜಮಾನನ ಹೆಸರಲ್ಲೇ ಇದ್ದ ಹಾಗೆ.

ಎರಡರಲ್ಲಿ ಯಾವುದು ಸರಿ ಆದರೂ ಒಂದು ಮಾತು ನಿಲ್ಲುತ್ತೆ. ನೋವು ನಿಜ. ಅದು ನರಗಳಲ್ಲಿ, ಬೆನ್ನುಹುರಿಯಲ್ಲಿ, ಮಿದುಳಿನಲ್ಲಿ ನಡೆಯುವ ಕೆಲಸ. 'ಮನಸ್ಸಿಗೆ ಹಚ್ಚಿಕೊಂಡಿದ್ದಾನೆ' ಅನ್ನೋ ಮಾತಿಗೆ ಇಲ್ಲಿ ಜಾಗ ಇಲ್ಲ.

ಕನ್ನಡಿ ಮೊದಲು

ವಿದ್ಯುತ್ತಿಗೆ ಹೋಗುವ ಮುಂಚೆ ಕನ್ನಡಿಯ ಬಗ್ಗೆ ಹೇಳಲೇಬೇಕು. ಮದರಾಸಿನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿ, ಸ್ಯಾನ್ ಡಿಯಾಗೊದಲ್ಲಿ ಕೆಲಸ ಮಾಡಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಸರಳ ಉಪಾಯ ತೋರಿಸಿದರು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಇರುವ ಕೈಯ ಪ್ರತಿಬಿಂಬ ನೋಡುತ್ತಾ ಎರಡೂ ಕೈ ಆಡಿಸಿದ ಹಾಗೆ ಮಾಡೋದು. ಇಲ್ಲದ ಕೈ ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿದೆ, ಬಿಡಿಸೋಕೆ ಆಗ್ತಿಲ್ಲ ಅಂತ ನರಳುತ್ತಿದ್ದ ಕೆಲವರಿಗೆ ಕನ್ನಡಿಯಲ್ಲಿ ಮುಷ್ಟಿ ಬಿಚ್ಚಿದ್ದು ಕಂಡ ಕೂಡಲೇ ಬಿಗಿತ ಸಡಿಲವಾಯಿತು.

ನಮ್ಮ ಪಕ್ಕದ ಕಾಂಬೋಡಿಯಾದಲ್ಲಿ ನೆಲಬಾಂಬಿಗೆ ಕಾಲು ಕೊಟ್ಟವರು ಹಳ್ಳಿ ಹಳ್ಳಿಯಲ್ಲಿ ಇದ್ದಾರೆ. ತಾನೂ ಒಂದು ಕಾಲು ಕಳೆದುಕೊಂಡ ಸ್ಟೀಫನ್ ಸಮ್ನರ್ ಅನ್ನೋ ಕೆನಡಾದವರು ಸೈಕಲ್ ಮೇಲೆ ಕನ್ನಡಿಗಳನ್ನ ಹೇರಿಕೊಂಡು ಆ ಹಳ್ಳಿಗಳಿಗೆ ಹೋಗಿ ಕಲಿಸಿದರು. ಅಲ್ಲಿನ ನೆಲಬಾಂಬ್ ಸಂತ್ರಸ್ತರ ಮೇಲೆ ನಡೆದ ಕನ್ನಡಿ ಚಿಕಿತ್ಸೆಯ ಒಂದು ಪ್ರಯೋಗವೂ 2018ರಲ್ಲಿ ಪ್ರಕಟವಾಯಿತು. ಇದಕ್ಕಿಂತ ಅಪ್ಪಟ ಮನೆ ಚಿಕಿತ್ಸೆ ಬೇರೆ ಇಲ್ಲ. ಕರೆಂಟ್ ಬೇಡ, ಆ್ಯಪ್ ಬೇಡ, ಊರಿನ ಗಾಜಿನ ಅಂಗಡಿಯಲ್ಲಿ ಸಿಗುವ ಕನ್ನಡಿ ಸಾಕು. ಕನ್ನಡಿ ಎಲ್ಲರಿಗೂ ಕೆಲಸ ಮಾಡೋದಿಲ್ಲ, ಅದರ ಪುರಾವೆಯಲ್ಲೂ ಏರುಪೇರು ಇದೆ. ಆದರೂ ಅಷ್ಟು ಅಗ್ಗದ, ಅಪಾಯ ಕಡಿಮೆ ಇರುವ ಉಪಾಯವನ್ನ ಮೊದಲು ಹೇಳಿಕೊಡದೆ ದುಬಾರಿ ಯಂತ್ರದ ಮಾತಾಡೋದು ಸರಿಯಲ್ಲ.

ಸ್ಪಂಜು, ಉಪ್ಪುನೀರು, ಎರಡು ಮಿಲಿಆಂಪ್

ಈಗ ಯಂತ್ರಕ್ಕೆ ಬರೋಣ. ಹೆಸರು ಟಿಡಿಸಿಎಸ್, ಬಿಡಿಸಿ ಹೇಳಿದರೆ ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಶನ್. ಶಾಕ್ ಟ್ರೀಟ್‌ಮೆಂಟ್ ಅಂತ ಸಿನಿಮಾದಲ್ಲಿ ನೋಡಿದ್ದೀವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಹರಿಯುವ ಕರೆಂಟ್ ಇದಕ್ಕಿಂತ ನೂರಾರು ಪಟ್ಟು ಹೆಚ್ಚು. ಇಲ್ಲಿ 1ರಿಂದ 2 ಮಿಲಿಆಂಪ್ ಅಷ್ಟೇ. ನಮ್ಮ ಫೋನ್ ಚಾರ್ಜರ್ 2 ಆಂಪ್ ಕೊಟ್ಟರೆ ಇದು ಅದರ ಸಾವಿರದ ಒಂದು ಪಾಲು. ಅದರಲ್ಲೂ ಬಹಳಷ್ಟು ನೆತ್ತಿಯ ಚರ್ಮದಲ್ಲೇ ಹರಿದುಹೋಗುತ್ತೆ, ಮಿದುಳಿಗೆ ತಲುಪೋದು ಸ್ವಲ್ಪ. ಈ ಕರೆಂಟ್ ನರಕೋಶವನ್ನ ನೇರವಾಗಿ ಸಿಡಿಸೋದಿಲ್ಲ. ಸಿಡಿಯುವ ಸಿದ್ಧತೆಯನ್ನ ಸ್ವಲ್ಪ ಏರಿಸುತ್ತೆ ಅಥವಾ ಇಳಿಸುತ್ತೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ನಿಟ್ಷೆ ಮತ್ತು ಪೌಲುಸ್ 2000ದಲ್ಲಿ ಇದನ್ನ ಮನುಷ್ಯರ ಮೇಲೆ ಚೊಕ್ಕವಾಗಿ ಅಳೆದು ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು.

ಇಲ್ಲದ ಅಂಗದ ನೋವಿಗೆ ಸಾಮಾನ್ಯವಾಗಿ ಪ್ಲಸ್ ಕಡೆಯ ಸ್ಪಂಜನ್ನ ಮಿದುಳಿನ ಚಲನೆಯ ಭಾಗದ ಮೇಲೆ ಇಡುತ್ತಾರೆ, ಅದೂ ಹೋದ ಅಂಗದ ಎದುರು ಬದಿಗೆ. ಎಡಗಾಲು ಹೋಗಿದ್ದರೆ ತಲೆಯ ಬಲಗಡೆ. ಮೈನಸ್ ಸ್ಪಂಜು ಇನ್ನೊಂದು ಬದಿಯ ಹುಬ್ಬಿನ ಮೇಲೆ, ಹಣೆಗೆ. ಬೋಸ್ಟನ್‌ನ ಫೆಲಿಪೆ ಫ್ರೆಗ್ನಿ ಅವರ ಗುಂಪು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡ 112 ಜನ ಇದ್ದರು. ಕೆಲವರಿಗೆ ನಿಜವಾದ ಕರೆಂಟ್, ಕೆಲವರಿಗೆ ಬರೀ ಶುರುವಿನಲ್ಲಿ ಚುರುಕ್ ಅನ್ನಿಸಿ ನಿಲ್ಲಿಸಿದ ನಕಲಿ ಕರೆಂಟ್. ನಿಜವಾದದ್ದು ಸಿಕ್ಕವರಲ್ಲಿ ನಕಲಿಗಿಂತ ಹೆಚ್ಚಾಗಿ ಇಳಿದ ನೋವು, ಹತ್ತಂಕದ ಅಳತೆಯಲ್ಲಿ ಸುಮಾರು ಒಂದು ಅಂಕ. ಕನ್ನಡಿಯನ್ನೂ ಜೊತೆಗೆ ಸೇರಿಸಿದರೆ ಇನ್ನೂ ಜಾಸ್ತಿ ಲಾಭ ಆಗುತ್ತೆ ಅನ್ನೋ ನಿರೀಕ್ಷೆ ಈಡೇರಲಿಲ್ಲ.

ಒಂದು ಅಂಕ. ಇದನ್ನ ದೊಡ್ಡದು ಮಾಡೋದೂ ತಪ್ಪು, ತಳ್ಳಿಹಾಕೋದೂ ತಪ್ಪು. ಅದು ಸರಾಸರಿ. ಒಬ್ಬರಿಗೆ ಮೂರು ಅಂಕ ಇಳಿದಿರಬಹುದು, ಇನ್ನೊಬ್ಬರಿಗೆ ಏನೂ ಆಗದೆ ಇರಬಹುದು. ಮಾತ್ರೆಗಳೂ ಎಲ್ಲರಿಗೆ ಹಿಡಿಸದ ಈ ನೋವಿನಲ್ಲಿ, ರಾತ್ರಿ ನಿದ್ದೆ ಬರುವಷ್ಟು ಇಳಿದರೂ ಅದು ಬದುಕು. ಆದರೆ 'ಮಿದುಳಿಗೆ ಕರೆಂಟ್ ಕೊಟ್ಟರೆ ನೋವು ಮಾಯ' ಅಂತ ಯಾರಾದರೂ ಮಾರಿದರೆ ಅದು ಮೋಸ. ಒಟ್ಟು ದೀರ್ಘಕಾಲದ ನೋವುಗಳ ಬಗ್ಗೆ 2018ರ ಕಾಕ್ರೇನ್ ಪರಿಶೀಲನೆ ಕೂಡ ಇಂಥ ಚಿಕಿತ್ಸೆಗಳ ಪುರಾವೆಯ ಗುಣಮಟ್ಟ ಕಡಿಮೆ ಅಂತಲೇ ಹೇಳಿತ್ತು.

ಮನೆ ಅಂದರೆ ಯಾರ ಮನೆ

ಈ ಚಿಕಿತ್ಸೆ ಒಂದು ದಿನದ್ದಲ್ಲ. ಪ್ರಯೋಗಗಳಲ್ಲಿ ಹತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ, ದಿನಾ ಇಪ್ಪತ್ತು ನಿಮಿಷ. ಯಾದಗಿರಿಯ ಹತ್ತಿರದ ಹಳ್ಳಿಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕ ಹೆಣ್ಣುಮಗಳೊಬ್ಬಳು ಇದ್ದಾಳೆ ಅಂದುಕೊಳ್ಳಿ. ಇಪ್ಪತ್ತು ನಿಮಿಷದ ಚಿಕಿತ್ಸೆಗೆ ಅವಳು ಹತ್ತು ದಿನ ಬೆಂಗಳೂರಿನಲ್ಲಿ ಉಳಿಯಬೇಕು. ಜೊತೆಗೆ ಒಬ್ಬರು ಬರಬೇಕು, ಅವರ ಕೂಲಿಯೂ ಹೋಯಿತು. ಕಾಲಿಲ್ಲದವರಿಗೆ ಬಸ್ ಹತ್ತುವುದೇ ಒಂದು ಹೋರಾಟ. ಇಂಥವರಿಗೆ ಮನೆ ಚಿಕಿತ್ಸೆ ಅನುಕೂಲದ ಮಾತಲ್ಲ. ಸಿಕ್ಕರೆ ಮನೆಯಲ್ಲೇ ಸಿಗಬೇಕು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಪೆಟ್ಟಿಗೆ ಕಳಿಸಿಬಿಡೋಣವೇ? ಇಲ್ಲಿ ನಮ್ಮ ಇಂಜಿನಿಯರ್ ಬುದ್ಧಿಯನ್ನೇ ಸ್ವಲ್ಪ ಓಡಿಸಿ ನೋಡೋಣ. ಈ ಯಂತ್ರ ಸ್ಥಿರ ಕರೆಂಟ್ ಕೊಡುವ ಮೂಲ. ಓಮ್‌ನ ನಿಯಮ ಇಲ್ಲೂ ಬಿಡೋದಿಲ್ಲ. ಸ್ಪಂಜು ಒಣಗಿದರೆ ರೋಧ ಏರುತ್ತೆ, ಯಂತ್ರ 2 ಮಿಲಿಆಂಪ್ ಉಳಿಸೋಕೆ ವೋಲ್ಟೇಜ್ ಏರಿಸುತ್ತೆ. ರೋಧ 10 ಕಿಲೋ ಓಮ್ ಇದ್ದರೆ 20 ವೋಲ್ಟ್ ಬೇಕು. ಸ್ಪಂಜಿನ ಒಂದು ಮೂಲೆ ಮಾತ್ರ ಚರ್ಮಕ್ಕೆ ತಾಗುತ್ತಿದ್ದರೆ ಅಷ್ಟೂ ಕರೆಂಟ್ ಆ ಮೂಲೆಯಲ್ಲೇ ನುಗ್ಗುತ್ತೆ. ತುರಿಕೆ, ಚುರುಚುರು, ಕೆಂಪಾಗೋದು ಸಾಮಾನ್ಯ. ಅಪರೂಪಕ್ಕೆ ಚರ್ಮ ಸುಡೋದೂ ಉಂಟು. ಒಳ್ಳೆಯ ಯಂತ್ರಗಳು ಮಿತಿ ದಾಟಿದರೆ ತಾವೇ ನಿಲ್ಲುತ್ತವೆ. ಆಗ ರೋಗಿಗೆ ಕಾಣೋದು 'ಎರರ್' ಅಂತ ಒಂದು ಕೆಂಪು ದೀಪ.

ಈಗ ನಮ್ಮ ಮನೆಗಳನ್ನ ನೆನಪಿಸಿಕೊಳ್ಳಿ. ತಲೆಗೆ ಬೆಳಿಗ್ಗೆಯೇ ಕೊಬ್ಬರಿ ಎಣ್ಣೆ ಹಚ್ಚಿದ್ದಾರೆ, ಎಣ್ಣೆಯಲ್ಲಿ ಕರೆಂಟ್ ಹರಿಯೋದಿಲ್ಲ. ದಪ್ಪ ಜಡೆ, ಅದರಲ್ಲಿ ಹೂವು. ಹಣೆಯ ಸ್ಪಂಜು ಕೂರಬೇಕಾದ ಜಾಗದಲ್ಲೇ ವಿಭೂತಿ ಅಥವಾ ಕುಂಕುಮ. ಉಪ್ಪುನೀರು ಅಂದರೆ ಮೆಡಿಕಲ್ ಅಂಗಡಿಯ ಸಲೈನ್ ಬಾಟಲಿಯೋ, ಅಡುಗೆಮನೆಯ ಕಲ್ಲುಪ್ಪು ಕದಡಿದ್ದೋ? ಎಡ ಬಲ ಅದಲು ಬದಲಾದರೆ? ತಲೆಯೊಳಗೆ ಲೋಹದ ಪ್ಲೇಟ್ ಇದೆ, ಮೂರ್ಛೆ ರೋಗ ಇದೆ, ಎದೆಯಲ್ಲಿ ಪೇಸ್‌ಮೇಕರ್ ಇದೆ ಅನ್ನೋದನ್ನ ಕೇಳೋರು ಯಾರು? ಇಲ್ಲಿಯ ಡಾರ್ಮಿಟರಿಗೆ ಬಂದರೆ ಇನ್ನೊಂದು ಸಮಸ್ಯೆ. 2021ರ ಹೊಸ ನಿಯಮದಲ್ಲೇ ಒಂದು ಕೋಣೆಗೆ ಹನ್ನೆರಡು ಜನರವರೆಗೆ ಇರಬಹುದು. ಹನ್ನೊಂದು ಜನರ ಮುಂದೆ ತಲೆಗೆ ಪಟ್ಟಿ ಕಟ್ಟಿಕೊಂಡು ಕೂರೋಕೆ ಯಾರಿಗೆ ಧೈರ್ಯ ಬರುತ್ತೆ?

ಇವೆಲ್ಲ ಸಣ್ಣ ವಿಷಯಗಳು. ಚಿಕಿತ್ಸೆ ಕೆಡೋದು ಇಂಥ ಸಣ್ಣ ವಿಷಯಗಳಲ್ಲೇ. ಮೊದಲ ಎರಡು ದಿನ ಒಬ್ಬರು ಪಕ್ಕದಲ್ಲಿ ಕೂತು ತೋರಿಸಿ, ಆಮೇಲೆ ಫೋನಿನಲ್ಲಿ ಸಿಗುವ ಹಾಗಿದ್ದರೆ ಇವೆಲ್ಲಕ್ಕೂ ಪರಿಹಾರ ಇದೆ.

ಇದು ಬರೀ ನಮ್ಮ ಊಹೆ ಅಲ್ಲ. ಖಿನ್ನತೆಗೆ ಮನೆಯಲ್ಲೇ ಟಿಡಿಸಿಎಸ್ ಕೊಟ್ಟ ಎರಡು ದೊಡ್ಡ ಪ್ರಯೋಗಗಳು 2024ರಲ್ಲಿ ಹೊರಬಂದವು. ಬ್ರಿಟನ್ ಮತ್ತು ಅಮೆರಿಕದಲ್ಲಿ 174 ಜನರ ಮೇಲೆ ನಡೆದದ್ದರಲ್ಲಿ ಸಂಶೋಧಕರು ವಿಡಿಯೋ ಕರೆಯಲ್ಲಿ ಸಂಪರ್ಕ ಇಟ್ಟುಕೊಂಡಿದ್ದರು. ಅಲ್ಲಿ ನಿಜವಾದ ಕರೆಂಟ್ ನಕಲಿಯನ್ನ ಮೀರಿಸಿತು. ಬ್ರೆಜಿಲ್‌ನಲ್ಲಿ 210 ಜನರ ಮೇಲೆ ನಡೆದದ್ದರಲ್ಲಿ ರೋಗಿಗಳು ಮೇಲ್ವಿಚಾರಣೆ ಇಲ್ಲದೆ ಆ್ಯಪ್ ನೋಡಿಕೊಂಡು ಮಾಡಿದರು. ಅಲ್ಲಿ ನಕಲಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎರಡಕ್ಕೂ ಬೇರೆ ವ್ಯತ್ಯಾಸಗಳೂ ಇವೆ, ಕಾಯಿಲೆಯೂ ಬೇರೆ. ಇದೊಂದರಿಂದಲೇ ತೀರ್ಪು ಕೊಡೋ ಹಾಗಿಲ್ಲ. ಆದರೆ ಯಂತ್ರವನ್ನ ಕಳಿಸಿ ಕೈತೊಳೆದುಕೊಳ್ಳಬಾರದು ಅನ್ನೋದಕ್ಕೆ ಇದು ಸಾಕಷ್ಟು ಎಚ್ಚರಿಕೆ.

ಇನ್ನೊಂದು ಎಚ್ಚರಿಕೆ ನಮ್ಮಂಥವರಿಗೇ. 9 ವೋಲ್ಟ್ ಬ್ಯಾಟರಿ, ಎರಡು ರೆಸಿಸ್ಟರ್ ಇಟ್ಟುಕೊಂಡು ಇದನ್ನ ಹಾಸ್ಟೆಲ್ ಕೋಣೆಯಲ್ಲೇ ಮಾಡಿಕೊಳ್ಳುವ ಹವ್ಯಾಸ ಜಗತ್ತಿನಲ್ಲಿ ಹರಡಿದಾಗ, 2016ರಲ್ಲಿ ಈ ಕ್ಷೇತ್ರದ ಹಲವಾರು ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದರು. ಸ್ಪಂಜು ಇಟ್ಟ ಜಾಗದ ಹೊರಗೂ ಪರಿಣಾಮ ಆಗಬಹುದು, ಬದಲಾವಣೆ ಬಹಳ ದಿನ ಉಳಿಯಬಹುದು, ಒಬ್ಬರಿಗೆ ಆದ ಹಾಗೆ ಇನ್ನೊಬ್ಬರಿಗೆ ಆಗೋದಿಲ್ಲ ಅನ್ನೋದು ಅದರ ಸಾರ. ಪರೀಕ್ಷೆಗೆ ಮುಂಚೆ ಏಕಾಗ್ರತೆ ಹೆಚ್ಚುತ್ತೆ ಅಂತ ಇದಕ್ಕೆ ಕೈ ಹಾಕೋದು ಬೇಡ ಗೆಳೆಯರೇ.

ನಮ್ಮ ನಾಡಿನಲ್ಲಿ ದಾರಿ ಇದೆ

'ಕೃತಕ ಕಾಲೇ ಸಿಗದವರಿಗೆ ಮಿದುಳಿನ ಚಿಕಿತ್ಸೆಯ ಮಾತೇ?' ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1968ರಲ್ಲಿ ಹುಟ್ಟಿದ ಜೈಪುರ ಕಾಲು ಲಕ್ಷಾಂತರ ಜನರನ್ನ ನಡೆಸಿದೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆ 1994ರಿಂದ ಈ ಕೆಲಸದಲ್ಲಿದೆ. ಆದರೆ ನೋವಿನಿಂದ ರಾತ್ರಿಯೆಲ್ಲ ಎಚ್ಚರ ಇರುವವರು ಹಗಲು ಆ ಕಾಲನ್ನ ತೊಟ್ಟು ನಡೆಯೋದು ಹೇಗೆ? ಕಾಲು ಕೊಟ್ಟವರು ನೋವನ್ನ ಕೇಳಬೇಕು. ಎರಡೂ ಒಂದೇ ಕೆಲಸದ ಎರಡು ಭಾಗ.

ಇದಕ್ಕೆ ಬೇಕಾದ ತುಂಡುಗಳು ಕರ್ನಾಟಕದಲ್ಲಿ ಆಗಲೇ ಇವೆ. ನಿಮ್ಹಾನ್ಸ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಟಿಡಿಸಿಎಸ್ ಸಂಶೋಧನೆ ನಡೆದಿದೆ, ಮುಖ್ಯವಾಗಿ ಸ್ಕಿಜೋಫ್ರೀನಿಯಾದವರಿಗೆ ಕೇಳಿಸುವ ಇಲ್ಲದ ದನಿಗಳಿಗೆ. ಇಲ್ಲದ ದನಿಗೆ ಬಳಸಿದ ವಿದ್ಯೆಯನ್ನ ಇಲ್ಲದ ಕಾಲಿನ ನೋವಿಗೂ ಪರೀಕ್ಷಿಸಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ ನಿಮ್ಹಾನ್ಸೇ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಅಂದರೆ ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ ಹೇಗೆ ಕಟ್ಟಬೇಕು ಅನ್ನೋದು ಅಲ್ಲಿ ಗೊತ್ತಿದೆ. ಅದೇ 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್, ಮಿದುಳಿನ ಕಾಯಿಲೆಗಳನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಗುರುತಿಸುವ ಹಾಗೆ ತರಬೇತಿ ಕೊಡುವ ದಾರಿ ಹಿಡಿದಿದೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಅಂಗ ಕತ್ತರಿಸಿದ ಪ್ರತಿಯೊಬ್ಬರಿಗೂ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗಲೇ 'ಇಂಥ ನೋವು ಬರಬಹುದು, ಬಂದರೆ ಹೆದರಬೇಡಿ, ಹೇಳಿ' ಅಂತ ತಿಳಿಸಬೇಕು. ಕನ್ನಡಿ ಬಳಸೋದನ್ನ ಕಲಿಸಬೇಕು. ಮನೆಯಲ್ಲಿ ಟಿಡಿಸಿಎಸ್ ಕೊಡೋದನ್ನ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಮೂಲಕ, ನಕಲಿ ಗುಂಪೂ ಇರುವ ಸರಿಯಾದ ಪ್ರಯೋಗವಾಗಿ ನಮ್ಮಲ್ಲೇ ನಡೆಸಬೇಕು. ಯಂತ್ರ ಸಾಲಕ್ಕೆ ಕೊಟ್ಟು ವಾಪಸ್ ಪಡೆಯಲಿ, ರೋಗಿಗೆ ಮಾರೋದು ಬೇಡ. ಪ್ರಯೋಗ ಮುಗಿಯುವ ಮುಂಚೆ ಆನ್‌ಲೈನ್ ಅಂಗಡಿಗಳು ಹಳ್ಳಿಗೆ ತಲುಪಿಬಿಟ್ಟರೆ, ಒಂದು ಅಂಕದ ಲಾಭಕ್ಕೆ ಜನ ಒಡವೆ ಅಡವಿಡುವ ದಿನ ಬರುತ್ತೆ. ಇಲ್ಲಿ ಸಿಂಗಾಪುರದಲ್ಲಿ ಪರಿಹಾರದ ಒಂದು ವರ್ಷದ ಗೋಡೆಯನ್ನ ಈ ಬಗೆಯ ನೋವಿಗೆ ಮಾತ್ರವಾದರೂ ಸಡಿಲಿಸಿದರೆ, ಮನೆಗೆ ಹೋಗುವ ಕಾರ್ಮಿಕನ ಜೊತೆ ಚಿಕಿತ್ಸೆಯೂ ಹೋಗುವ ದಾರಿ ತೆರೆಯುತ್ತೆ.

ನಮ್ಮ ಕೈಲಿ ಆಗೋದು

ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವನ್ನ ಅಳೆಯೋಕೆ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನೋವಿಗೆ 78 ಇಂಗ್ಲಿಷ್ ಪದಗಳಿವೆ. ನಮ್ಮಲ್ಲಿ ಏನು ಕಡಿಮೆ? ಉರಿ, ಸೆಳೆತ, ಸಿಡಿತ, ಚುಚ್ಚೋದು, ಹಿಂಡೋದು, ನುಲಿಯೋದು, ಜೋಮು ಹಿಡಿಯೋದು, ಇರುವೆ ಹರಿದ ಹಾಗೆ, ಕರೆಂಟ್ ಹೊಡೆದ ಹಾಗೆ. ಉತ್ತರ ಕರ್ನಾಟಕದಲ್ಲಿ ಬ್ಯಾನಿ, ತ್ರಾಸು. ಊರಿನಿಂದ ಊರಿಗೆ ಪದ ಬದಲಾಗುತ್ತೆ. ಉರಿ ಅಂದವರಿಗೂ ಬಿಗಿತ ಅಂದವರಿಗೂ ಬೇಕಾದ ಚಿಕಿತ್ಸೆ ಒಂದೇ ಆಗಿರಬೇಕಿಲ್ಲ. 'ಹತ್ತರಲ್ಲಿ ಎಷ್ಟು?' ಅಂತ ಇಂಗ್ಲಿಷ್ ಆ್ಯಪ್ ಕೇಳಿದರೆ 'ಏಳು' ಅಂತ ಒತ್ತಬಹುದು, ಆದರೆ ಆ ಏಳರ ಒಳಗೆ ಏನಿದೆ ಅನ್ನೋದು ಕನ್ನಡದಲ್ಲೇ ಹೇಳಬೇಕು.

ಈ ಕೆಲಸ ವಿದೇಶದಲ್ಲಿರುವ ಕನ್ನಡ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಬಯೋಮೆಡಿಕಲ್ ಓದುವವರಿದ್ದಾರೆ, ಆ್ಯಪ್ ಬರೆಯುವವರಿದ್ದಾರೆ, ಬೀದರ್‌ನಿಂದ ಕಾಸರಗೋಡಿನವರೆಗಿನ ಕನ್ನಡ ಆಡುವವರಿದ್ದಾರೆ. ಕನ್ನಡಿ ಚಿಕಿತ್ಸೆಯ ಐದು ನಿಮಿಷದ ಕನ್ನಡ ವಿಡಿಯೋ ಮಾಡಲು ಯಾರ ಅನುದಾನವೂ ಬೇಡ, ಒಬ್ಬ ಫಿಸಿಯೋಥೆರಪಿಸ್ಟ್ ನೋಡಿ ಒಪ್ಪಿದರೆ ಸಾಕು. ನೋವಿನ ಪದಗಳ ಪಟ್ಟಿಯನ್ನ ಜಿಲ್ಲಾವಾರು ಸೇರಿಸಬಹುದು. ಸ್ಪಂಜು ಎಲ್ಲಿಡಬೇಕು, ಎಣ್ಣೆ ತೊಳೆದು ಕೂರಿ, ಕೆಂಪು ದೀಪ ಬಂದರೆ ಏನು ಮಾಡಬೇಕು ಅನ್ನೋ ಕೈಪಿಡಿಯನ್ನ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿಟ್ಟರೆ, ನಾಳೆ ಪ್ರಯೋಗ ನಡೆಸುವವರಿಗೆ ಒಂದು ವರ್ಷದ ಕೆಲಸ ಉಳಿಯುತ್ತೆ. ಸಂಘದ ಮುಂದಿನ ವರ್ಷದ ಕಾರ್ಯಕ್ರಮಗಳಲ್ಲಿ ರಾಜ್ಯೋತ್ಸವ, ಯುಗಾದಿಯ ಜೊತೆಗೆ ಇದಕ್ಕೂ ಎರಡು ಶನಿವಾರ ಇಡೋಣ ಅನ್ನೋದು ನಮ್ಮ ಕೋರಿಕೆ.

ಅದಕ್ಕಿಂತ ಮೊದಲು ಮಾಡಬೇಕಾದ್ದು ಇನ್ನೂ ಸುಲಭ. ಕೈಯೋ ಕಾಲೋ ಕಳೆದುಕೊಂಡ ಯಾರಾದರೂ 'ಅದು ಇನ್ನೂ ನೋಯುತ್ತೆ' ಅಂದರೆ ನಗದೆ, ಸಮಾಧಾನದ ಮಾತು ಹೇಳಿ ಸುಮ್ಮನಾಗಿಸದೆ ಕೇಳೋಣ: ಎಲ್ಲಿ ನೋಯುತ್ತೆ, ಹೇಗೆ ನೋಯುತ್ತೆ, ಯಾವ ಹೊತ್ತಲ್ಲಿ ಜಾಸ್ತಿ? ಯಾವ ಯಂತ್ರ ಬಂದರೂ ಚಿಕಿತ್ಸೆ ಆ ಮೂರು ಪ್ರಶ್ನೆಯಿಂದಲೇ ಶುರುವಾಗಬೇಕು.